ಶೇಂಗಾ ಮಿಲ್ಲಿನಲ್ಲಿ ಕಿವಿ ಉಳಿಸಿಕೊಂಡ ಬಗೆ

ಚಳ್ಳಕೆರೆಯಲ್ಲಿ ಶೇಂಗಾ ಸುಲಿಯುವ ಯಂತ್ರ ಇಟ್ಟುಕೊಂಡವರಿಗೆ ಅದರ ಸದ್ದು ಎಂಥದ್ದೆಂದು ನಾನು ಹೇಳಬೇಕಾಗಿಲ್ಲ. ನನ್ನ ಮಿಲ್ಲಿನಲ್ಲಿ ಆ ಸದ್ದು ಈಗ ಕಿವಿಗೆ ಅರ್ಧದಷ್ಟೇ ಅನ್ನಿಸುತ್ತದೆ. ಯಂತ್ರದ ಬಳಿ ನಿಲ್ಲುವವರೆಲ್ಲ ಇಡೀ ಪಾಳಿ ಕಿವಿಯಲ್ಲಿ ಪ್ಲಗ್ ಇಟ್ಟುಕೊಂಡೇ ಇರುತ್ತಾರೆ. ‘ಹಮಾಲರು ಕಿವಿಗೆ ಏನಾದರೂ ಹಾಕಿಕೊಳ್ಳುವುದುಂಟೇ, ದುಡ್ಡು ಹಾಳು’ ಎಂದವರೇ ಈಗ ಬಂದು ನನ್ನ ಯಂತ್ರಕ್ಕೆ ಕಾಯಿ ಸುರಿಯುವ ಹಾಪರಿನೊಳಗೆ ಇಣುಕಿ ನೋಡಿ ಹೋಗುತ್ತಿದ್ದಾರೆ.

ಹಳೆಯ ಆಪರೇಟರ್ ಪ್ರತಿ ಮಾತಿಗೂ ‘ಆಂ?’ ಎನ್ನಲು ಶುರುಮಾಡಿದಾಗ ದಾವಣಗೆರೆಗೆ ಕರೆದೊಯ್ದು ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆಂಬ ಪರೀಕ್ಷೆ, ಮಾಡಿಸಿದೆ. ಗ್ರಾಫಿನಲ್ಲಿ 4000 ಹರ್ಟ್ಸ್ ಹತ್ತಿರ ದೊಡ್ಡ ಗುಂಡಿ, ಅಂದರೆ ಆ ಕೀಚಲು ಸ್ವರ ಅವನಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ನನ್ನದರಲ್ಲೂ ಎಡಗಿವಿಗೆ ಸಣ್ಣದೊಂದು. ಒಳಗಿವಿಯಲ್ಲಿ ಸದ್ದು ಹಿಡಿಯುವ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳುವುದೊಂದೇ ದಾರಿ. ಎರಡೂವರೆ ಸಾವಿರ ಕೊಟ್ಟು ಸದ್ದಳೆಯುವ ಮೀಟರ್ ತಂದು ಅಳೆದರೆ ಆಪರೇಟರ್ ನಿಲ್ಲುವ ಜಾಗದಲ್ಲಿ 98ರಿಂದ 100 ಡೆಸಿಬಲ್. ಕಾರ್ಖಾನೆ ನಿಯಮದಲ್ಲಿ ಎಂಟು ಗಂಟೆಗೆ ಮಿತಿ 90.

ಮೊದಲು ಇಯರ್ ಮಫ್ ತಂದೆ, ಒಂದಕ್ಕೆ ಸುಮಾರು 600 ರೂಪಾಯಿಯಂತೆ ಒಂದು ಡಜನ್. ತಲೆಗೆ ಟವೆಲ್ ಸುತ್ತಿಕೊಂಡವರಿಗೆ ಅದು ಕಿವಿಯ ಸುತ್ತ ಕೂರಲೇ ಇಲ್ಲ. ನಮ್ಮ ಸೆಖೆಗೆ ಬೆವರು, ಅದರ ಮೇಲೆ ಸಿಪ್ಪೆಯ ಧೂಳು. ತಿಂಗಳೊಳಗೆ ಎಲ್ಲವೂ ಮೊಳೆಗೆ ನೇತಾಡಿದವು. ಏಳು ಸಾವಿರ ಹೋಯಿತು. ಆಮೇಲೆ ಸದ್ದು ತಗ್ಗಿಸುವ ರೇಟಿಂಗ್ 33 ಡೆಸಿಬಲ್ ಇರುವ ಫೋಮ್ ಪ್ಲಗ್. ಅದನ್ನು ಬೆರಳಲ್ಲಿ ಹೊಸೆದು ಇಡಬೇಕು, ಎಣ್ಣೆ ಮಣ್ಣಿನ ಕೈಯಲ್ಲಿ ಅದು ಆಗದ ಮಾತು. ಆಪರೇಟರ್ ಮೊದಲ ದಿನವೇ ಕಿತ್ತು ಹಾಕಿದ. ಬೆಲ್ಟ್ ಜಾರಿದ್ದು, ಕಲ್ಲು ಒಳಗೆ ಹೋದದ್ದು ಅವನಿಗೆ ತಿಳಿಯುವುದು ಕಿವಿಯಿಂದ. ಅವನು ಮಾಡಿದ್ದು ಸರಿ ಎಂದು ನಾನು ಈಗಲೂ ಹೇಳುತ್ತೇನೆ. ಬೆಂಗಳೂರಿನವರೊಬ್ಬರು ಯಂತ್ರಕ್ಕೆ ಕ್ಯಾಬಿನ್ ಕಟ್ಟಲು ಒಂದೂವರೆ ಲಕ್ಷದ ಕೊಟೇಶನ್ ಕೊಟ್ಟರು. ಪ್ಲೈವುಡ್, ಗ್ಲಾಸ್ ವುಲ್ ತಂದು ನಾವೇ ಕಟ್ಟಿ ನೋಡಿದೆವು. ಸದ್ದೇನೋ ಚೆನ್ನಾಗಿ ಇಳಿಯಿತು. ಆದರೆ ಮಧ್ಯಾಹ್ನದೊಳಗೆ ಮೋಟರ್ ಕೈಯಿಡಲಾರದಷ್ಟು ಕಾಯ್ದಿತ್ತು, ಬಿಚ್ಚಿ ಹಾಕಿದೆವು.

ಕೊನೆಗೆ ಯಂತ್ರವನ್ನು ಖಾಲಿ ಓಡಿಸಿ ಒಮ್ಮೆ, ಕಾಯಿ ಸುರಿದು ಒಮ್ಮೆ ಅಳೆದಾಗ ಕಳ್ಳ ಸಿಕ್ಕ. ಅತಿ ದೊಡ್ಡ ಸದ್ದು ಕಾಯಿ ಸುಲಿಯುವ ಡ್ರಮ್ಮಿನದಲ್ಲ, ಹಾಪರಿನ ತಗಡಿನ ಮೇಲೆ ಕಾಯಿ, ಕಲ್ಲು ಬಡಿಯುವುದು. ಬಳ್ಳಾರಿ ಕಡೆಯ ಗಣಿಗಳ ಹಳೆಯ ಕನ್ವೇಯರ್ ಬೆಲ್ಟ್ ಗುಜರಿಯಲ್ಲಿ ಕೆಜಿಗೆ ಮೂವತ್ತು ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕಿತು. ಕಾಯಿ ಬೀಳುವ ಕಡೆ ಒಳಗೆ, ಅದುರುವ ತಗಡಿಗೆ ಹೊರಗಿನಿಂದ ಅಂಟಿಸಿದೆ. ಬೀಜ ಇಳಿಯುವ ಕಡೆ ಮಾತ್ರ ಹಳೆಯ ರಬ್ಬರ್ ಹಾಕಬೇಡಿ, ಅದು ತಿನ್ನುವ ಪದಾರ್ಥ. ಅಷ್ಟಕ್ಕೇ ಐದು ಡೆಸಿಬಲ್ ಇಳಿಯಿತು. ಸವೆದ ಬೇರಿಂಗ್ ಬದಲಿಸಿ, ಗಾರ್ಡಿನ ಬೋಲ್ಟುಗಳಿಗೆ ರಬ್ಬರ್ ವಾಷರ್ ಹಾಕಿದ ಮೇಲೆ ಇನ್ನೆರಡು ಮೂರು. ಗಾಳಿ ಊದುವ ಬ್ಲೋವರಿಗೂ ಕೊಳವೆಗೂ ನಡುವೆ ಕ್ಯಾನ್ವಾಸ್ ತೋಳು ಹೊಲಿಸಿದ ಮೇಲೆ ಒಟ್ಟು 89ಕ್ಕೆ ಬಂದು ನಿಂತಿತು. ಶೇಂಗಾದ ಎಣ್ಣೆಗೆ ಅಂಟು ಬಿಟ್ಟುಕೊಳ್ಳುತ್ತದೆ. ಅದಕ್ಕೆ ನಾನು ಕಂಡುಕೊಂಡ ಮದ್ದನ್ನು ಇಲ್ಲಿ ಬರೆಯುವುದಿಲ್ಲ, ಮಿಲ್ಲಿಗೆ ಬಂದವರಿಗೆ ತೋರಿಸುತ್ತೇನೆ.

ಆಮೇಲೆ ತೊಳೆದು ಬಳಸುವ, ದಾರವಿರುವ ಮೂರು ಪದರದ ಪ್ಲಗ್ ತಂದೆ. ಜೋಡಿಗೆ ನಲವತ್ತೈವತ್ತು ರೂಪಾಯಿ, ರೇಟಿಂಗ್ 25ರ ಸುಮಾರು. ಕಿವಿಯಲ್ಲಿ ಅದರ ಅರ್ಧ ಸಿಕ್ಕರೂ ನಮಗೆ ಸಾಕು. ಬೆಲ್ಟಿನ ಸದ್ದೂ ಕೇಳುತ್ತದೆ, ಪಕ್ಕದವನ ಮಾತೂ ಕೇಳುತ್ತದೆ, ಹಾಗಾಗಿ ಯಾರೂ ಕೀಳುವುದಿಲ್ಲ. ಬಲಗಿವಿಗೆ ಇಡುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಆಗ ಪ್ಲಗ್ ಕೊನೆಯ ಪದರದವರೆಗೂ ಒಳಗೆ ಕೂರುತ್ತದೆ. ಪ್ಲಗ್ ಇಟ್ಟುಕೊಂಡೇ ಓಡುವ ಯಂತ್ರದ ಪಕ್ಕ ನಿಂತು ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ನೋಡಿ. ಸದ್ದು ಬಹಳ ಕಡಿಮೆಯಾದಂತೆ ಅನ್ನಿಸಿದರೆ ಪ್ಲಗ್ ಸರಿಯಾಗಿ ಕೂತಿಲ್ಲ.

ಹತ್ತಿಯ ಬಗ್ಗೆ ಬಹಳ ಜನ ಕೇಳುತ್ತಾರೆ. ಆಡಿಯೋಮೆಟ್ರಿಯವರನ್ನು ಕಾಡಿ, ಹತ್ತಿ ತುರುಕಿಕೊಂಡು ಸ್ಪೀಕರಿನಲ್ಲಿ ಪರೀಕ್ಷೆ ಮಾಡಿಸಿಕೊಂಡಿದ್ದೇನೆ. ಐದಾರು ಡೆಸಿಬಲ್ ಇಳಿದರೆ ಹೆಚ್ಚು. ನಾಯಕನಹಟ್ಟಿ ಜಾತ್ರೆಗೂ ಮೀಟರ್ ಒಯ್ದಿದ್ದೆ. ಸೌಂಡ್ ಬಾಕ್ಸುಗಳ ಮುಂದೆ 105 ದಾಟಿತು, ಅಂದಿನಿಂದ ನಮ್ಮ ಮನೆಯ ಮಕ್ಕಳ ಜೇಬಿನಲ್ಲೂ ಪ್ಲಗ್ ಇರುತ್ತದೆ.

ಕಿವಿ ಸೋರುವವನಿಗೆ ಪ್ಲಗ್ ಕೊಡಬೇಡಿ. ಮೊದಲು ಇಎನ್‌ಟಿ ವೈದ್ಯರು ನೋಡಲಿ, ಅಲ್ಲಿಯವರೆಗೆ ಅವನನ್ನು ಗೋದಾಮಿಗೆ ಹಾಕಿ. ಗುಗ್ಗೆ ತೆಗೆಯಲು ಬೆಂಕಿಕಡ್ಡಿ, ಪಿನ್ನು ಹಾಕುವುದನ್ನು ನಾನು ಮಿಲ್ಲಿನಲ್ಲಿ ನಿಲ್ಲಿಸಿದ್ದೇನೆ. ಪರೀಕ್ಷೆಗೆ ಬೆಳಿಗ್ಗೆ, ಪಾಳಿಗೆ ಮುಂಚೆಯೇ ಕಳುಹಿಸಿ. ಸದ್ದಿನಿಂದ ಎದ್ದು ಹೋದರೆ ತಾತ್ಕಾಲಿಕ ಮಂದತನವೂ ಗ್ರಾಫಿನಲ್ಲಿ ಸೇರಿಕೊಳ್ಳುತ್ತದೆ.

ಕೆಲಸ ಕೊಟ್ಟ ಉಪಾಯಗಳಿಗೆ ಆದ ಖರ್ಚು ಇಪ್ಪತ್ತೆಂಟು ಸಾವಿರದ ಒಳಗೆ, ಬೇರಿಂಗ್ ಸೇರಿ. ಎರಡು ಹಂಗಾಮು ಕಳೆದವು, ಆಪರೇಟರಿನ ಗ್ರಾಫ್ ಇನ್ನಷ್ಟು ಕುಸಿದಿಲ್ಲ. ಈ ಸಲ ಜರಡಿಯ ಚೌಕಟ್ಟಿಗೆ ಕೈ ಹಾಕುತ್ತಿದ್ದೇನೆ, ಅಲ್ಲಿಂದ ಇನ್ನೂ ಮೂರು ಡೆಸಿಬಲ್ ಕೀಳಬಹುದು.