ಸಂಶೋಧನೆಯ ಹಾಳೆಯಿಂದ ರೋಗಿಯ ಕೈಗೆ: ಆಕ್ಯುಪೇಷನಲ್ ಥೆರಪಿಯಲ್ಲಿ ಪುರಾವೆ ಬಳಸುವ ಕ್ರಮ

ಪಾರ್ಶ್ವವಾಯುವಿನಿಂದ ಕೈ ಸ್ವಾಧೀನ ತಪ್ಪಿದವರಿಗೆ ರಾತ್ರಿ ಮಲಗುವಾಗ ಮಣಿಕಟ್ಟಿಗೆ ಸ್ಪ್ಲಿಂಟ್ (ಕೈಯನ್ನು ಒಂದೇ ಭಂಗಿಯಲ್ಲಿ ಹಿಡಿದಿಡುವ ಆಸರೆ) ಕಟ್ಟುವುದು ಬಹುಕಾಲದಿಂದ ನಡೆದುಬಂದ ರೂಢಿ. ಸ್ನಾಯು ಗಿಡ್ಡವಾಗಿ ಕೀಲು ಬಿಗಿಯಬಾರದು ಎಂಬುದು ಉದ್ದೇಶ. ಕೇಳಿದವರಿಗೆ ಸರಿ ಎನಿಸುವ ತರ್ಕವೇ. ಆದರೆ 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದು 63 ರೋಗಿಗಳನ್ನು ಮೂರು ಗುಂಪು ಮಾಡಿತು: ಒಂದಕ್ಕೆ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಹಿಡಿಯುವ ಸ್ಪ್ಲಿಂಟ್, ಇನ್ನೊಂದಕ್ಕೆ ನೇರವಾಗಿ ಹಿಡಿಯುವ ಸ್ಪ್ಲಿಂಟ್, ಮೂರನೆಯದಕ್ಕೆ ಏನೂ ಇಲ್ಲ. ನಾಲ್ಕು ವಾರ ಕಟ್ಟಿದ ಮೇಲೂ ಕೈ ಬಿಗಿಯುವುದನ್ನು ಸ್ಪ್ಲಿಂಟ್ ತಡೆದದ್ದು ಕಾಣಲಿಲ್ಲ. ತರ್ಕ ಚೆನ್ನಾಗಿದ್ದ ಮಾತ್ರಕ್ಕೆ ಚಿಕಿತ್ಸೆ ಫಲ ಕೊಡುವುದಿಲ್ಲ.

ಹಾಗೆಂದು ಸಂಶೋಧನಾ ಪ್ರಬಂಧದಲ್ಲಿದ್ದದ್ದನ್ನೇ ಕಣ್ಣುಮುಚ್ಚಿ ಮಾಡುವುದೂ ಪುರಾವೆ ಆಧಾರಿತ ಚಿಕಿತ್ಸೆಯಲ್ಲ. ವೈದ್ಯ ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು 1996ರಲ್ಲೇ ಇದನ್ನು ಸ್ಪಷ್ಟಪಡಿಸಿದ್ದರು: ಲಭ್ಯವಿರುವ ಒಳ್ಳೆಯ ಪುರಾವೆ, ಚಿಕಿತ್ಸಕರ ಅನುಭವ, ರೋಗಿಯ ಆಯ್ಕೆ ಈ ಮೂರೂ ಕೂಡಬೇಕು. ಊಟ, ಸ್ನಾನ, ಬಟ್ಟೆ, ಬರವಣಿಗೆ, ದುಡಿಮೆಯಂಥ ನಿತ್ಯದ ಕೆಲಸಗಳನ್ನು ಮರಳಿ ಕೈಗೂಡಿಸುವ ಆಕ್ಯುಪೇಷನಲ್ ಥೆರಪಿಯಲ್ಲಿ ಮೂರನೆಯದಕ್ಕೆ ಇನ್ನೂ ಹೆಚ್ಚಿನ ತೂಕವಿದೆ. ಈ ಕ್ರಮವನ್ನು ಒಂದೇ ಉದಾಹರಣೆ ಹಿಡಿದು ನೋಡೋಣ. ಪಾರ್ಶ್ವವಾಯುವಾಗಿ ನಾಲ್ಕು ತಿಂಗಳಾದ ವ್ಯಕ್ತಿ, ಬಲಗೈ ಸ್ವಲ್ಪ ಆಡುತ್ತದೆ, ಆದರೆ ಅದನ್ನು ಬಳಸುತ್ತಿಲ್ಲ.

ಮೊದಲು ರೋಗಿಯನ್ನು ಕೇಳಿ, ಆಮೇಲೆ ಪ್ರಶ್ನೆ ಬರೆಯಿರಿ

‘ಕೈ ಸುಧಾರಿಸಲು ಏನು ಮಾಡಬೇಕು?’ ಎಂದು ಹುಡುಕಿದರೆ ಸಾವಿರಾರು ಪ್ರಬಂಧಗಳು ಬೀಳುತ್ತವೆ, ಉತ್ತರ ಸಿಗುವುದಿಲ್ಲ. ಅದಕ್ಕೂ ಮೊದಲು, ಯಾವ ಕೆಲಸ ಆಗದೆ ಕಷ್ಟವಾಗುತ್ತಿದೆ ಎಂದು ಆ ವ್ಯಕ್ತಿಯಿಂದಲೇ ತಿಳಿಯಬೇಕು. ಇದಕ್ಕೆ ಕೆನಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್ ಎಂಬ ಸಂದರ್ಶನ ಬಹಳ ಉಪಯುಕ್ತ. ರೋಗಿ ತನಗೆ ಮುಖ್ಯವಾದ ಐದು ಕೆಲಸಗಳವರೆಗೆ ಆರಿಸಿ, ಈಗ ಎಷ್ಟು ಚೆನ್ನಾಗಿ ಮಾಡುತ್ತೇನೆ, ಅದರಿಂದ ಎಷ್ಟು ತೃಪ್ತಿಯಿದೆ ಎಂದು 1ರಿಂದ 10ರವರೆಗೆ ಅಂಕ ಕೊಡುತ್ತಾರೆ. ನಮ್ಮ ಉದಾಹರಣೆಯ ವ್ಯಕ್ತಿಗೆ ಲೋಟ ಹಿಡಿದು ಕುಡಿಯಬೇಕು, ಅಂಗಿಯ ಗುಂಡಿ ಹಾಕಿಕೊಳ್ಳಬೇಕು ಎನ್ನೋಣ.

ಈಗ ಪ್ರಶ್ನೆಗೆ ನಾಲ್ಕು ಕಾಲು ಕೊಡಿ: ಯಾರಿಗೆ, ಯಾವ ಚಿಕಿತ್ಸೆ, ಯಾವುದರ ಹೋಲಿಕೆಯಲ್ಲಿ, ಯಾವ ಫಲಕ್ಕಾಗಿ. ‘ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳಾದ, ಕೈ ಸ್ವಲ್ಪ ಆಡುವ ವಯಸ್ಕರಲ್ಲಿ, ಒಳ್ಳೆಯ ಕೈಗೆ ಗವಸು ತೊಡಿಸಿ ದುರ್ಬಲ ಕೈಯನ್ನು ದುಡಿಸುವ ಚಿಕಿತ್ಸೆಯು, ಸಾಮಾನ್ಯ ಆರೈಕೆಗಿಂತ, ನಿತ್ಯದ ಕೆಲಸದಲ್ಲಿ ಕೈಬಳಕೆಯನ್ನು ಹೆಚ್ಚಿಸುತ್ತದೆಯೇ?’ ಈ ಚಿಕಿತ್ಸೆಯನ್ನು ವೃತ್ತಿಯವರು ಸಿಐಎಂಟಿ (ಕನ್‌ಸ್ಟ್ರೇಂಟ್ ಇಂಡ್ಯೂಸ್ಡ್ ಮೂವ್‌ಮೆಂಟ್ ಥೆರಪಿ) ಎನ್ನುತ್ತಾರೆ.

ಹುಡುಕಾಟ ಮೇಲಿನಿಂದ ಕೆಳಕ್ಕೆ

ಮೊದಲು ಚಿಕಿತ್ಸಾ ಮಾರ್ಗಸೂಚಿ ಮತ್ತು ಸಿಸ್ಟಮ್ಯಾಟಿಕ್ ರಿವ್ಯೂಗಳನ್ನು ನೋಡಿ. ಒಂದು ವಿಷಯದ ಎಲ್ಲ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ ವಿಮರ್ಶೆಗಳಿವು. ಇಂಥ ವಿಮರ್ಶೆಗಳ ಆನ್‌ಲೈನ್ ಸಂಗ್ರಹವಾದ ಕಾಕ್ರೇನ್ ಲೈಬ್ರರಿ ಇದಕ್ಕೆ ಒಳ್ಳೆಯ ಜಾಗ. ಅಲ್ಲಿ ಸಿಗದಿದ್ದರೆ ವೈದ್ಯಕೀಯ ಪ್ರಬಂಧಗಳ ಕೋಶವಾದ ಪಬ್‌ಮೆಡ್‌ನಲ್ಲಿ ಬಿಡಿ ಪ್ರಯೋಗಗಳನ್ನು ಹುಡುಕಿ. ಫಿಸಿಯೋಥೆರಪಿ ಪುರಾವೆಗಳ ಪೆಡ್ರೋ ಕೋಶದಲ್ಲಿ ಪ್ರಯೋಗಗಳ ಗುಣಮಟ್ಟಕ್ಕೆ ಅಂಕವನ್ನೂ ಕೊಟ್ಟಿರುತ್ತಾರೆ. ಬಳಸಿದ ಪದ, ಹುಡುಕಿದ ದಿನಾಂಕ ಬರೆದಿಟ್ಟುಕೊಳ್ಳಿ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ತನ್ನ ನಂಬಿಕೆಗೆ ಒಪ್ಪುವ ಪ್ರಬಂಧ ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸುವುದು ಒಂದು. ಸಾರಾಂಶವನ್ನಷ್ಟೇ ಓದುವುದು ಇನ್ನೊಂದು. ಯಾರನ್ನು ಸೇರಿಸಿಕೊಂಡರು, ಯಾರನ್ನು ಬಿಟ್ಟರು, ದಿನಕ್ಕೆ ಎಷ್ಟು ಗಂಟೆ ಮಾಡಿಸಿದರು ಎಂಬುದು ಇರುವುದು ಒಳಗಿನ ‘ವಿಧಾನ’ ಭಾಗದಲ್ಲಿ. ಚಿಕಿತ್ಸಕರಿಗೆ ಬೇಕಾದದ್ದು ಅದೇ.

ಪ್ರಯೋಗವನ್ನು ತೂಗುವುದು

ಗುಂಪುಗಳನ್ನು ಚೀಟಿ ಎತ್ತಿದ ಹಾಗೆ ಹಂಚಿದ್ದಾರೆಯೇ? ಮುಂದಿನ ರೋಗಿ ಯಾವ ಗುಂಪಿಗೆ ಹೋಗುತ್ತಾರೆಂಬುದು ಸೇರಿಸಿಕೊಳ್ಳುವವರಿಗೆ ಗೊತ್ತಾಗದಂತೆ ಇಟ್ಟಿದ್ದರೇ? ಕೊನೆಯ ಅಳತೆಗೆ ಎಷ್ಟು ಮಂದಿ ಉಳಿದಿದ್ದರು? ಪೆಡ್ರೋ ಮಾಪನದ ಪ್ರಕಾರ ಶೇ 85ಕ್ಕಿಂತ ಹೆಚ್ಚು ಜನರಿಂದ ಫಲಿತಾಂಶ ಸಿಕ್ಕಿರಬೇಕು. ಆ ಮಾಪನಕ್ಕೆ ಒಟ್ಟು 10 ಅಂಕ, ಅದರಲ್ಲಿ ಎರಡು ಅಂಕ ರೋಗಿಗೂ ಚಿಕಿತ್ಸಕರಿಗೂ ಯಾವ ಚಿಕಿತ್ಸೆ ಎಂದು ಗೊತ್ತಿರದಿದ್ದರೆ ಮಾತ್ರ ಸಿಗುತ್ತವೆ. ಗವಸು ತೊಟ್ಟವರಿಗೆ ತೊಟ್ಟದ್ದು ಗೊತ್ತಾಗದಿರುವುದು ಸಾಧ್ಯವೇ? ಆದ್ದರಿಂದ ನಮ್ಮ ಕ್ಷೇತ್ರದ ಬಹುಪಾಲು ಪ್ರಯೋಗಗಳಿಗೆ 8 ಅಂಕವೇ ಶಿಖರ. 7 ಬಂದಿದೆ ಎಂದು ಮೂಗು ಮುರಿಯಬೇಡಿ. ಅಳತೆ ಮಾಡಿದವರಿಗೆ ರೋಗಿ ಯಾವ ಗುಂಪಿನವರೆಂದು ಗೊತ್ತಿತ್ತೇ ಎಂಬುದನ್ನು ಮಾತ್ರ ತಪ್ಪದೆ ನೋಡಿ.

ಹೋಲಿಕೆ ಗುಂಪಿನವರಿಗೂ ಅಷ್ಟೇ ಹೊತ್ತು ಅಭ್ಯಾಸ ಮಾಡಿಸಿದ್ದರೇ ಎಂಬುದು ಮುಂದಿನ ಪ್ರಶ್ನೆ. ಒಬ್ಬರಿಗೆ ಅರವತ್ತು ಗಂಟೆ, ಇನ್ನೊಬ್ಬರಿಗೆ ಆರು ಗಂಟೆ ಮಾಡಿಸಿದ್ದರೆ ಗೆದ್ದದ್ದು ವಿಧಾನವೋ ಗಂಟೆಗಳೋ ಹೇಳಲಾಗದು.

ಕೊನೆಗೆ ವ್ಯತ್ಯಾಸದ ಗಾತ್ರ. ಸಂಖ್ಯಾಶಾಸ್ತ್ರದ ಪ್ರಕಾರ ಮಹತ್ವದ್ದೆಂದರೆ ರೋಗಿಯ ಬದುಕಿಗೂ ಮಹತ್ವದ್ದೆಂದಲ್ಲ. ಕೈಯ ಸಾಮರ್ಥ್ಯ ಅಳೆಯುವ ಆ್ಯಕ್ಷನ್ ರಿಸರ್ಚ್ ಆರ್ಮ್ ಟೆಸ್ಟ್‌ನಲ್ಲಿ ಒಟ್ಟು 57 ಅಂಕ. ಪಾರ್ಶ್ವವಾಯುವಾಗಿ ಬಹಳ ದಿನವಾದವರಲ್ಲಿ ಸುಮಾರು 6 ಅಂಕ ಏರಿದರೆ ಮಾತ್ರ ಅರ್ಥಪೂರ್ಣ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಎರಡು ಅಂಕದ ಗೆಲುವಿಗೆ ರೋಗಿಯ ಎರಡು ವಾರ ಕೇಳುವುದು ನ್ಯಾಯವಲ್ಲ.

ನಮ್ಮ ರೋಗಿಗೆ ಹೊಂದುತ್ತದೆಯೇ?

ಹೆಚ್ಚು ಎಡವುವುದು ಇಲ್ಲಿಯೇ. 2006ರಲ್ಲಿ ಪ್ರಕಟವಾದ ಅಮೆರಿಕದ ಎಕ್ಸೈಟ್ ಪ್ರಯೋಗದಲ್ಲಿ 222 ಮಂದಿ ಇದ್ದರು, ಎಲ್ಲರೂ ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳಾದವರು. ಸಿಐಎಂಟಿ ಪಡೆದವರ ಕೈಬಳಕೆ ಸಾಮಾನ್ಯ ಆರೈಕೆ ಪಡೆದವರಿಗಿಂತ ಹೆಚ್ಚು ಸುಧಾರಿಸಿತು. ಆದರೆ ಪ್ರವೇಶಕ್ಕೆ ಷರತ್ತಿತ್ತು. ಕೈಯ ಸಾಮರ್ಥ್ಯ ಕಡಿಮೆಯಿದ್ದ ಹಂತದವರೂ ಮಣಿಕಟ್ಟನ್ನು ಕನಿಷ್ಠ 10 ಡಿಗ್ರಿ ತಾವಾಗಿಯೇ ಹಿಂದಕ್ಕೆ ಎತ್ತಬೇಕಿತ್ತು, ಹೆಬ್ಬೆರಳನ್ನೂ ಇನ್ನೆರಡು ಬೆರಳನ್ನೂ 10 ಡಿಗ್ರಿ ಬಿಡಿಸಬೇಕಿತ್ತು. ಆದ್ದರಿಂದ ಗವಸು ಕೈಗೆತ್ತಿಕೊಳ್ಳುವ ಮೊದಲು ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಎತ್ತಿಕೊಳ್ಳಿ. ಬೆರಳು ಒಂದಿಷ್ಟೂ ಬಿಡಿಸಲಾಗದ ಕೈಗೆ ಈ ಪ್ರಯೋಗದ ಫಲಿತಾಂಶ ಅನ್ವಯಿಸುವುದಿಲ್ಲ. ಅಂಥವರಿಗೆ ಒಳ್ಳೆಯ ಕೈಯನ್ನೂ ಕಟ್ಟಿದರೆ ಉಳಿಯುವುದು ಹತಾಶೆಯಷ್ಟೇ.

ಇನ್ನು ಪ್ರಮಾಣ. ಆ ಪ್ರಯೋಗದಲ್ಲಿ ಎಚ್ಚರವಿರುವ ಹೊತ್ತಿನ ಶೇ 90ರಷ್ಟು ಕಾಲ ಗವಸು ತೊಡುವ ಗುರಿಯಿತ್ತು, ಎರಡು ವಾರ, ವಾರದ ಐದು ದಿನ, ದಿನಕ್ಕೆ ಆರು ಗಂಟೆಯವರೆಗೆ ತರಬೇತಿ. ವಾರಕ್ಕೆರಡು ಬಾರಿ ಅರ್ಧರ್ಧ ಗಂಟೆ ಗವಸು ಹಾಕಿಸಿ ಅದನ್ನೇ ಸಿಐಎಂಟಿ ಎಂದು ದಾಖಲಿಸಿ, ಆಮೇಲೆ ‘ಫಲ ಕೊಡಲಿಲ್ಲ’ ಎನ್ನುವುದು ತಪ್ಪು. ಮಾತ್ರೆಯನ್ನು ಹತ್ತರಲ್ಲೊಂದು ಪಾಲು ಮಾಡಿ ನುಂಗಿಸಿದಂತೆ ಅದು. ಆರು ಗಂಟೆ ಸಾಧ್ಯವಿಲ್ಲದಿದ್ದರೆ ಕಡಿಮೆ ಗಂಟೆ, ಹೆಚ್ಚು ವಾರಗಳ ಪರಿಷ್ಕೃತ ಕ್ರಮಗಳಿವೆ. ಅವಕ್ಕೂ ಪ್ರತ್ಯೇಕ ಪ್ರಯೋಗಗಳಿವೆ. ಅವುಗಳಲ್ಲೊಂದನ್ನು ಆರಿಸಿ, ಇಡಿಯಾಗಿ ಅನುಸರಿಸಿ.

ಗವಸಿನ ಮೇಲೆ ಎಲ್ಲರ ಕಣ್ಣಿರುತ್ತದೆ, ಆದರೆ ಮರೆತುಹೋಗುವ ಭಾಗ ಬೇರೆಯೇ ಇದೆ. ಮನೆಯಲ್ಲಿ ಯಾವ ಕೆಲಸವನ್ನು ಯಾವ ಕೈಯಿಂದ ಮಾಡುವುದೆಂದು ರೋಗಿಯೊಂದಿಗೆ ಬರೆದುಕೊಳ್ಳುವ ಒಪ್ಪಂದ, ದಿನಚರಿ, ಮನೆಪಾಠ, ಪ್ರತಿದಿನದ ವಿಚಾರಣೆ. ಚಿಕಿತ್ಸಾ ಕೊಠಡಿಯ ಗಳಿಕೆ ಮನೆಗೆ ದಾಟುವುದು ಇದರಿಂದ. ನಡೆಯುವಾಗ ಆಧಾರ ಬೇಕಾದವರಿಗೆ ಮೆಟ್ಟಿಲು, ಒದ್ದೆ ನೆಲ, ಬಿಸಿ ಪಾತ್ರೆಯ ಬಳಿ ಗವಸು ತೆಗೆಯಬೇಕೆಂದು ಒಪ್ಪಂದದಲ್ಲೇ ಬರೆಯಿರಿ.

ಗುಂಡಿ ಹಾಕಲು ಎರಡು ಕೈ ಬೇಕಲ್ಲ, ಸಿಐಎಂಟಿ ದುಡಿಸುವುದು ಒಂದನ್ನು. ಲೋಟದ ಗುರಿಗೆ ಇದು ನೇರವಾಗಿ ಹೊಂದುತ್ತದೆ. ಗುಂಡಿಗಾಗಿ ಎರಡೂ ಕೈ ಸೇರಿಸಿ ಗುಂಡಿಯನ್ನೇ ಅಭ್ಯಾಸ ಮಾಡಿಸುವ ಅವಧಿ ಬೇರೆ ಇಡಬೇಕಾಗುತ್ತದೆ. ಇಂಥ ತೀರ್ಮಾನವನ್ನು ಯಾವ ಪ್ರಬಂಧವೂ ಬರೆದು ಕೊಡುವುದಿಲ್ಲ. ಇದೆಲ್ಲವನ್ನೂ, ದಿನಕ್ಕೆ ಎಷ್ಟು ಹೊತ್ತು, ಎಷ್ಟು ದಣಿವು, ಎಷ್ಟು ಫಲ ನಿರೀಕ್ಷಿಸಬಹುದು ಎಂಬುದರ ಸಮೇತ, ರೋಗಿಗೂ ಮನೆಯವರಿಗೂ ಸರಳ ಮಾತಿನಲ್ಲಿ ಹೇಳಿ. ಬೇಡ ಎಂದರೆ ಆ ಉತ್ತರಕ್ಕೂ ಮರ್ಯಾದೆಯಿದೆ.

ಶುರುವಿಗೆ ಮುನ್ನವೇ ಅಳೆಯಿರಿ

ಚಿಕಿತ್ಸೆ ಆರಂಭವಾದ ಮೇಲೆ ಮೊದಲ ಅಳತೆ ಮಾಡಿದರೆ ಅದಕ್ಕೆ ಬೆಲೆಯಿಲ್ಲ. ಕೆನಡಿಯನ್ ಮಾಪನದ ಅಂಕ ಹೇಗೂ ಕೈಯಲ್ಲಿದೆ, ಅದರಲ್ಲಿ 2 ಅಂಕದ ಏರಿಕೆಯನ್ನು ಅರ್ಥಪೂರ್ಣವೆಂದು ಎಣಿಸುವುದು ವಾಡಿಕೆ. ಜೊತೆಗೆ ಬಾಕ್ಸ್ ಆ್ಯಂಡ್ ಬ್ಲಾಕ್ ಪರೀಕ್ಷೆ ಮಾಡಿ: 60 ಸೆಕೆಂಡಿನಲ್ಲಿ ನಡುವಿನ ಗೋಡೆ ದಾಟಿಸಿ ಎಷ್ಟು ಮರದ ತುಂಡು ಸಾಗಿಸಿದರು ಎಂದು ಎಣಿಸುವುದು. ಅದೇ ಕುರ್ಚಿ, ದಿನದ ಅದೇ ಹೊತ್ತು ಇರಲಿ. ಬೆಳಗಿನ ಕೈಗೂ ಸಂಜೆಯ ದಣಿದ ಕೈಗೂ ಅಂತರವಿರುತ್ತದೆ.

ಮರು ಅಳತೆಯ ದಿನಾಂಕವನ್ನೂ, ಎಷ್ಟು ಏರದಿದ್ದರೆ ದಾರಿ ಬದಲಿಸಬೇಕು ಎಂಬುದನ್ನೂ ಮೊದಲೇ ಬರೆಯಿರಿ. ಅಂಕ ಏರದಿದ್ದರೆ ವಿಧಾನವನ್ನು ದೂರುವ ಮೊದಲು ದಿನಚರಿ ತೆರೆದು, ನಿಜವಾಗಿ ಎಷ್ಟು ಗಂಟೆ ಆಯಿತೆಂದು ಕೂಡಿಸಿ. ಏರಿದರೂ ಹಿಗ್ಗುವ ಮೊದಲು ಯೋಚಿಸಿ: ಪಾರ್ಶ್ವವಾಯುವಿನ ಮೊದಲ ಮೂರು ತಿಂಗಳಲ್ಲಿ ಮೆದುಳು ತಾನಾಗಿಯೇ ಸಾಕಷ್ಟು ಚೇತರಿಸಿಕೊಳ್ಳುತ್ತದೆ. ಆ ಅವಧಿಯ ಸುಧಾರಣೆಯನ್ನೆಲ್ಲ ಚಿಕಿತ್ಸೆಯ ಖಾತೆಗೆ ಬರೆಯಲಾಗದು.

ಪುರಾವೆ ಇಲ್ಲದಿದ್ದಾಗ

‘ಫಲವಿಲ್ಲವೆಂದು ತೋರಿದೆ’ ಮತ್ತು ‘ಯಾರೂ ಪರೀಕ್ಷಿಸಿಲ್ಲ’ ಇವೆರಡು ಬೇರೆ ಬೇರೆ. ನರಸಂಬಂಧಿ ಕಾಯಿಲೆಗಳಲ್ಲಿ ಏಳು ತಿಂಗಳಿಗಿಂತ ಕಡಿಮೆ ಕಾಲ ಎಳೆತ ಕೊಡುವುದರಿಂದ ಕೀಲಿನ ಚಲನೆಯಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ ಎಂದು 2017ರ ಕಾಕ್ರೇನ್ ವಿಮರ್ಶೆ ತೀರ್ಮಾನಿಸಿತು. ಇದು ಮೊದಲ ಬಗೆ. ಸ್ಪ್ಲಿಂಟ್ ಕಟ್ಟುವುದೂ ಎಳೆತದ ಒಂದು ವಿಧಾನವೇ ಆದ್ದರಿಂದ, ರೂಢಿಯ ಸ್ಪ್ಲಿಂಟ್ ಬಿಡಲು ಇಷ್ಟು ಸಾಕು. ಎರಡನೆಯ ಬಗೆಯಲ್ಲಿ ಚಿಕಿತ್ಸಕರ ಅನುಭವಕ್ಕೆ ಜಾಗವಿದೆ. ಅವಧಿ ಗೊತ್ತುಪಡಿಸಿ, ಅಳೆಯುತ್ತಾ ಪ್ರಯತ್ನಿಸಬಹುದು.

ವಿಭಾಗದಲ್ಲಿ ಇದು ರೂಢಿಯಾಗಬೇಕಾದರೆ ತಿಂಗಳಿಗೊಂದು ಪ್ರಶ್ನೆ ಸಾಕು. ಒಂದೇ ಪುಟದಲ್ಲಿ ಪ್ರಶ್ನೆ, ಹುಡುಕಿದ ದಿನಾಂಕ, ಸಿಕ್ಕ ಉತ್ತರ, ಪ್ರಮಾಣ, ಯಾರಿಗೆ ಹೊಂದುವುದಿಲ್ಲ, ಮತ್ತೆ ಯಾವಾಗ ಹುಡುಕಬೇಕು ಎಂದು ಬರೆದು ಎಲ್ಲರ ಕೈಗೂ ಸಿಗುವ ಕಡತದಲ್ಲಿಡಿ. ‘ಯಾರಿಗೆ ಹೊಂದುವುದಿಲ್ಲ’ ಎಂಬ ಸಾಲನ್ನು ಖಾಲಿ ಬಿಟ್ಟ ಪುಟವನ್ನು ಬರೆದವರಿಗೇ ವಾಪಸ್ ಕೊಡಿ.