ಒಂದು ಅಕ್ಷರ ಬಿಟ್ಟಿದ್ದಕ್ಕೆ ಎಂಟು ತಿಂಗಳು

ನವಣೆ ತಿಂದ ಇಲಿಗಳು ದಪ್ಪ ಆಗಲಿಲ್ಲ. ಹದಿನಾಲ್ಕನೇ ವಾರದ ತೂಕ ಬರೆದು ಗೆರೆ ಎಳೆದು ನೋಡಿದರೆ ಎರಡು ಗುಂಪಿನ ನಡುವೆ ಕಣ್ಣಿಗೆ ಹೊಡೆಯುವಷ್ಟು ಅಂತರ. ಆ ಸಂಜೆ ಲೈನ್ ಬಜಾರಿಗೆ ಹೋಗಿ ಪೇಢೆ ತಂದು ಲ್ಯಾಬಿನವರಿಗೆಲ್ಲ ಹಂಚಿದೆ. ವಾರ ಕಳೆಯುವುದರೊಳಗೆ ನನಗೆ ಆ ಪೇಢೆ ಹಂಚಿದ ನಾಚಿಕೆ ಶುರುವಾಯಿತು.

ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗಿನ ಮಾತು. ಶಕ್ತಿಯ ಶೇ 45 ಭಾಗ ಕೊಬ್ಬಿನಿಂದಲೇ ಬರುವ ಆಹಾರ ಎಲ್ಲ ಇಲಿಗಳಿಗೂ. ಅರ್ಧ ಇಲಿಗಳಿಗೆ ಮಾತ್ರ ಅದರಲ್ಲಿನ ಪಿಷ್ಟದ ಜಾಗದಲ್ಲಿ ನವಣೆ ಹಿಟ್ಟು. ತೂಕ ಏರುವುದು ಕಡಿಮೆಯಾಗುತ್ತದೋ ಇಲ್ಲವೋ ನೋಡುವುದು, ಅಷ್ಟೇ.

ಮೊದಲು ಸ್ವಿಸ್ ಆಲ್ಬಿನೊ ಇಲಿಗಳಲ್ಲಿ ಮಾಡಿ ಕೈಸುಟ್ಟುಕೊಂಡಿದ್ದೆ. ಸುಲಭವಾಗಿ ಸಿಗುವ ಬಿಳಿ ಇಲಿ ಅದು. ಆದರೆ ಬೇರೆ ಬೇರೆ ಜೋಡಿ ಕೂಡಿಸಿ ಬೆಳೆಸಿದ ಬಳಗ, ಒಂದರಂತೆ ಇನ್ನೊಂದಿಲ್ಲ. ಒಂದೇ ಕೇಜಿನಲ್ಲಿ, ಅದೇ ಆಹಾರ ತಿಂದು, ಒಂದು ಉಬ್ಬಿದರೆ ಪಕ್ಕದ್ದು ಹಾಗೇ ತೆಳ್ಳಗೆ. ಅನಿಮಲ್ ಹೌಸ್ ನೋಡಿಕೊಳ್ಳುವ ಕಾಕಾ ಗೌಳಿಗರ ಮನೆತನದವರು. ಅವರಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. “ತಂಗಿ, ಹಿಂಡಿ ಅಷ್ಟ ನೋಡಿದ್ರ ಹೆಂಗ? ಒಂದ್ ಎಮ್ಮಿ ತಿಂದದ್ದು ಹಾಲಿಗೆ ಹಾಕ್ತೈತಿ, ಇನ್ನೊಂದು ಮೈಗೆ ಹಾಕ್ತೈತಿ. ತಳಿ ನೋಡಬೇಕವ್ವಾ.”

ಅದಕ್ಕೇ ಬ್ಲ್ಯಾಕ್ ಸಿಕ್ಸ್‌ಗೆ ಹೋದೆ. ಪೂರ್ತಿ ಹೆಸರು ಸಿ57ಬಿಎಲ್/6. 1921ರಲ್ಲಿ ಅಮೆರಿಕದ ಕ್ಲಾರೆನ್ಸ್ ಕುಕ್ ಲಿಟಲ್ ಬೆಳೆಸಿದ ಕರಿ ಇಲಿಗಳ ವಂಶ. ಇಪ್ಪತ್ತಕ್ಕೂ ಹೆಚ್ಚು ತಲೆಮಾರು ಅಣ್ಣ-ತಂಗಿಯರನ್ನೇ ಕೂಡಿಸಿ ಬೆಳೆಸಿದ್ದರಿಂದ ಎಲ್ಲವೂ ಅವಳಿ ಮಕ್ಕಳಿದ್ದಂತೆ. ಕೊಬ್ಬಿನ ಆಹಾರ ಕೊಟ್ಟರೆ ಇವು ಚೆನ್ನಾಗಿ ದಪ್ಪವಾಗುತ್ತವೆ. ಅದೇ ಆಹಾರ ತಿಂದ ಎ/ಜೆ ಎಂಬ ಬೇರೆ ತಳಿ ಅಷ್ಟು ದಪ್ಪವಾಗುವುದಿಲ್ಲ. ಬೊಜ್ಜಿನ ಪ್ರಯೋಗ ಅಂದರೆ ಎಲ್ಲರೂ ಕರಿ ಇಲಿಗೇ ಕೈ ಹಾಕುವುದು ಇದಕ್ಕೇ.

ಒಂದು ಕಡೆಯಿಂದ ಅರ್ಧ ಇಲಿ ಬಂದವು, ಉಳಿದರ್ಧಕ್ಕೆ ಅಲ್ಲಿ ಸ್ಟಾಕ್ ಇರಲಿಲ್ಲ. ಬೇರೆ ಕಡೆಯಿಂದ ತರಿಸಿದೆ. ಮೊದಲು ಬಂದವಕ್ಕೆ ಪಿಷ್ಟ, ಆಮೇಲೆ ಬಂದವಕ್ಕೆ ನವಣೆ. ಬರೆಯುವಾಗ ಈಗಲೂ ಕೈ ನಡುಗುತ್ತದೆ, ಆದರೆ ಅವತ್ತು ಅದು ತಪ್ಪು ಅಂತ ಹೊಳೆಯಲೇ ಇಲ್ಲ. ಎಲ್ಲ ಕೇಜಿನ ಕಾರ್ಡಿನ ಮೇಲೂ “ಬ್ಲ್ಯಾಕ್ ಸಿಕ್ಸ್” ಅಂತ ನಾನೇ ಬರೆದಿದ್ದೆ.

ಪೇಢೆ ಹಂಚಿದ ಮೇಲೆ ಪ್ರಬಂಧಕ್ಕೆ ತಳಿಯ ಪೂರ್ತಿ ಹೆಸರು ಬೇಕಾಯಿತು. ಕಾಕಾ ಪಾರ್ಸೆಲ್ ಚೀಟಿಗಳನ್ನು ತಂತಿಗೆ ಪೋಣಿಸಿ ಇಟ್ಟಿದ್ದರು. ಒಂದರ ಕೊನೆಗೆ ಜೆ, ಇನ್ನೊಂದರ ಕೊನೆಗೆ ಎನ್.

1951ರಲ್ಲಿ ಇಲಿ ತಳಿಗಳನ್ನು ಬೆಳೆಸುವ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಿಂದ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಹೋದ ಇಲಿಗಳ ವಂಶ ಎನ್. ಜಾಕ್ಸನ್‌ನಲ್ಲೇ ಉಳಿದದ್ದು ಜೆ. ಮನೆ ಬೇರೆಯಾದ ಮೇಲೆ ಎರಡೂ ಕಡೆ ಸಣ್ಣಪುಟ್ಟ ಜೀನ್ ಬದಲಾವಣೆ ಸೇರುತ್ತ ಹೋದವು. ಜೆ ಇಲಿಗಳಲ್ಲಿ ಎನ್‌ಎನ್‌ಟಿ ಎಂಬ ಜೀನಿನ ಒಂದು ತುಂಡೇ ಹಾರಿಹೋಗಿದೆ. ಮೈಟೊಕಾಂಡ್ರಿಯಾದಲ್ಲಿ ಕೆಲಸ ಮಾಡುವ ಕಿಣ್ವದ ಜೀನ್ ಅದು. ಇನ್ಸುಲಿನ್ ಹೊರಬರುವುದಕ್ಕೂ ಅದಕ್ಕೂ ಸಂಬಂಧ ಉಂಟು. ನಾನು ಹೋಲಿಸಿದ್ದು ಪಿಷ್ಟವನ್ನೂ ನವಣೆಯನ್ನೂ ಅಲ್ಲ, ಎರಡು ಮನೆತನಗಳನ್ನು. ಇನ್ನೂ ಒಂದು ತಕರಾರು: ಬೇರೆ ಬೇರೆ ಕಡೆ ಬೆಳೆದ ಇಲಿಗಳ ಕರುಳಿನ ಸೂಕ್ಷ್ಮಜೀವಿಗಳೂ ಬೇರೆ.

ತಳಿಯ ಈ ವಿಷಯದಲ್ಲಿ ವಿಜ್ಞಾನಿ ಡಗ್ಲಾಸ್ ಕೋಲ್‌ಮನ್ 1973ರಲ್ಲಿ ತೋರಿಸಿದ್ದನ್ನು ಎಂಎಸ್ಸಿಯಲ್ಲಿ ಓದಿ ಅಂಕವನ್ನೂ ತೆಗೆದುಕೊಂಡಿದ್ದೆ. ಬೊಜ್ಜು ತರುವ ಒಂದೇ ಜೀನು ಬ್ಲ್ಯಾಕ್ ಸಿಕ್ಸ್‌ನಲ್ಲಿದ್ದರೆ ರಕ್ತದ ಸಕ್ಕರೆ ಏರಿ ಮತ್ತೆ ಇಳಿಯುತ್ತದೆ. ಅದೇ ಜೀನು ಅದರ ಹತ್ತಿರದ ಇನ್ನೊಂದು ಕರಿ ತಳಿಯಲ್ಲಿದ್ದರೆ ಇಲಿಗೆ ತೀವ್ರ ಮಧುಮೇಹ. ಓದಿದ್ದು ಅಲ್ಲೇ ಉಳಿಯಿತು.

ಮತ್ತೆ ಇಲಿ ಬೇಕೆಂದು ಪ್ರಾಣಿ ಪ್ರಯೋಗಗಳ ನೀತಿ ಸಮಿತಿಗೆ ಅರ್ಜಿ ಹಾಕಿದಾಗ ಒಬ್ಬರು “ಮೊದಲಿನವು ಏನಾದವ್ರೀ?” ಅಂದರು. ನಿಜ ಹೇಳಿದೆ. ಬೈದರು, ಮಂಜೂರೂ ಮಾಡಿದರು.

ಎರಡನೇ ಸಲ ಜೆ ಮತ್ತು ಎನ್ ಎರಡನ್ನೂ ಬೇಕಂತಲೇ ತರಿಸಿ, ಪ್ರತಿ ಸೂಲಿನ ಮರಿಗಳನ್ನು ಪಿಷ್ಟ-ನವಣೆ ಎರಡಕ್ಕೂ ಹಂಚಿದೆ. ಆಹಾರ ಶುರು ಮಾಡುವ ಮೊದಲು ಕೆಲವು ವಾರ ಎಲ್ಲ ಕೇಜಿನಲ್ಲಿ ಹಾಸಿ ಬಳಸಿದ ಹೊಟ್ಟನ್ನು ಕಲಸಿ ಮತ್ತೆ ಹಂಚಿದೆ. ಇಲಿಗಳು ಹಿಕ್ಕೆ ತಿನ್ನುವುದರಿಂದ ಕರುಳಿನ ಜೀವಿಗಳು ಸ್ವಲ್ಪ ಸರಿದೂಗುತ್ತವೆ. ತೂಕ ಸೋಮವಾರ ಬೆಳಿಗ್ಗೆ, ಅದೇ ಹೊತ್ತಿಗೆ. ಚೆಲ್ಲಿದ ಆಹಾರದ ಪುಡಿಯನ್ನು ಜರಡಿ ಹಿಡಿದು ತೂಗಿದೆ, ಇಲ್ಲದಿದ್ದರೆ ಪುಡಿ ಮಾಡಿ ಬಿಡುವ ಇಲಿ ಹೊಟ್ಟೆಬಾಕನಂತೆ ಕಾಣುತ್ತದೆ. ಇಪ್ಪತ್ತೆರಡು ಡಿಗ್ರಿ ನಮಗೆ ಹಿತವಾದರೂ ಇಲಿಗೆ ಚಳಿ. ಒಂಟಿಯಾಗಿಟ್ಟರೆ ಮೈ ಬೆಚ್ಚಗಿಡುವುದಕ್ಕೇ ತಿಂದದ್ದು ಖರ್ಚಾಗುತ್ತದೆ. ಹಾಗಾಗಿ ಎಲ್ಲ ಕೇಜಿನಲ್ಲೂ ಸಮ ಸಂಖ್ಯೆ.

ಎಂಟು ತಿಂಗಳು ಹೋಯಿತು. ಪಿಷ್ಟದ ಗೆರೆ, ನವಣೆಯ ಗೆರೆ ಒಂದರ ಮೈಮೇಲೆ ಒಂದು ಮಲಗಿದವು. ಜೆ ಮತ್ತು ಎನ್ ನಡುವೆ ಮಾತ್ರ ಅಂತರ ಹಾಗೇ ಇತ್ತು.

ಹೊಸ ಪಾರ್ಸೆಲ್ ಬಂದರೆ ಕಾಕಾ ಈಗ ಚೀಟಿ ಓದದೆ ಸಹಿ ಹಾಕುವುದಿಲ್ಲ. “ಜೆ ಏನೋ, ಎನ್ ಏನೋ? ಮೊದಲ ಹೇಳಪಾ,” ಅಂತ ಡೆಲಿವರಿ ಹುಡುಗನನ್ನೇ ಹಿಡಿದು ನಿಲ್ಲಿಸುತ್ತಾರೆ.