ವ್ಯಸನದಿಂದ ತೀರಿಕೊಂಡವರ ಮನೆಯವರಿಗೆ: ಮುಂಬಯಿ, ಪುಣೆ, ಗೋವಾಗಳಲ್ಲಿ ಸಮದುಃಖಿಗಳ ಆಸರೆ

ಮುಂಬಯಿಯ ಕನ್ನಡಿಗರ ನಿಧನವಾರ್ತೆಗಳಲ್ಲಿ ಬರುವ ‘ಅಲ್ಪಕಾಲದ ಅಸೌಖ್ಯದಿಂದ’ ಎಂಬ ಮಾತು ಎಷ್ಟೋ ಸಾವುಗಳನ್ನು ಸೌಜನ್ಯದಿಂದ ಮರೆಮಾಡುತ್ತದೆ. ನಡುವಯಸ್ಸಿಗೂ ಬಾರದ ಮಗ ಕುಡಿತದಿಂದ ಲಿವರ್ ಕೆಟ್ಟು ತೀರಿಕೊಂಡಾಗ ಮನೆಯವರು ಹೃದಯಾಘಾತವೆಂದು ಹೇಳುತ್ತಾರೆ, ಬಂದ ಬಂಧುಗಳು ನಂಬಿದಂತೆ ತಲೆಯಾಡಿಸುತ್ತಾರೆ, ಉತ್ತರಕ್ರಿಯೆ ಮುಗಿದ ಮೇಲೆ ಯಾರೂ ಆ ಹೆಸರನ್ನು ಎತ್ತುವುದಿಲ್ಲ. ಸಮಾಜ ದುಃಖವೆಂದೇ ಮನ್ನಿಸದ ಇಂಥ ದುಃಖವನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿಯೇ ಪ್ರತ್ಯೇಕವಾಗಿ ಗುರುತಿಸಿ ಬರೆದಿದ್ದರು. ಊರಿನಿಂದ ದೂರವಿರುವ ನಮ್ಮಂಥವರಿಗೆ ಇದರ ಭಾರ ಎರಡು ಕಡೆಯಿಂದ ಬೀಳುತ್ತದೆ: ನಮ್ಮವರೊಳಗೆ ಬಾಯಿಬಿಡಲು ನಾಚಿಕೆ, ಹೊರಗಿನವರೊಡನೆ ಮಾತಾಡಲು ಭಾಷೆಯ ತೊಡಕು. ಈ ಪ್ರದೇಶದಲ್ಲಿ ಸಿಗುವ ಆಸರೆಯ ಬಹುಪಾಲು ವ್ಯಸನಿ ಬದುಕಿರುವಾಗ ಅವನ ಮನೆಯವರಿಗೆಂದು ಕಟ್ಟಿದ್ದು. ಆದರೆ ಅದರ ಬಾಗಿಲು ಸಾವಿನ ನಂತರವೂ ತೆರೆದಿರುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಮೊದಲು ಕಾಗದಪತ್ರದ ಮಾತು, ಏಕೆಂದರೆ ಮುಚ್ಚಿಡುವ ಆತುರ ಹುಟ್ಟುವುದೇ ಅಲ್ಲಿ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾಗ ಲಿವರ್ ರೋಗದಿಂದ ಸಾವಾದರೆ ಸಾಮಾನ್ಯವಾಗಿ ವೈದ್ಯರೇ ಕಾರಣವನ್ನು ದೃಢೀಕರಿಸುತ್ತಾರೆ. ಕೋಣೆಯಲ್ಲಿ, ರಸ್ತೆಯಲ್ಲಿ ಅಥವಾ ರೈಲ್ವೆ ನಿಲ್ದಾಣದಲ್ಲಿ ಹಠಾತ್ತನೆ ಸತ್ತರೆ ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಸೆಕ್ಷನ್ ಪ್ರಕಾರ ವಿಚಾರಣೆ ನಡೆಸುತ್ತಾರೆ. ಇಲ್ಲಿ ಇದನ್ನು ಎ.ಡಿ.ಆರ್., ಅಂದರೆ ಆಕಸ್ಮಿಕ ಮರಣದ ವರದಿ, ಎನ್ನುತ್ತಾರೆ. ಪಂಚನಾಮೆ, ಪೋಸ್ಟ್‌ಮಾರ್ಟಮ್‌ಗಳಿಗೆ ಪೊಲೀಸರು ಬಂದರೆಂದ ಮಾತ್ರಕ್ಕೆ ಮನೆಯವರ ಮೇಲೆ ಆರೋಪ ಬಂತೆಂದು ತಿಳಿಯಬೇಕಾಗಿಲ್ಲ. ಪೋಸ್ಟ್‌ಮಾರ್ಟಮ್ ವರದಿಯಲ್ಲಿ ಅಂತಿಮ ಅಭಿಪ್ರಾಯವನ್ನು ಕಾಯ್ದಿರಿಸಿ ಒಳಾಂಗಗಳ ಮಾದರಿಯನ್ನು ರಾಸಾಯನಿಕ ಪರೀಕ್ಷೆಗೆ ಕಳಿಸಿದರೆ, ಆ ಪರೀಕ್ಷೆಯ ವರದಿ, ಅಂದರೆ ಸಿ.ಎ. ರಿಪೋರ್ಟ್, ಬರುವುದಕ್ಕೆ ತಿಂಗಳುಗಳೇ ಹಿಡಿಯಬಹುದು. ಆ ಕಾಯುವಿಕೆಯಲ್ಲಿ ದುಃಖ ಹೆಪ್ಪುಗಟ್ಟಿ ನಿಲ್ಲುತ್ತದೆ. ವರದಿ ಬಂದ ಮೇಲೆ ಯಾರೊಡನಾದರೂ ಮಾತಾಡೋಣವೆಂದು ಕುಳಿತವರು ಕೊನೆಗೆ ಮಾತಾಡುವುದೇ ಇಲ್ಲ. ವರದಿಗಾಗಿ ಕಾಯಬೇಡಿ ಎಂಬುದು ನನ್ನ ಸಲಹೆ.

ಮನಸ್ಸಿಗೆ ಸ್ವಲ್ಪ ಹಗುರ ತರುವ ಸಂಗತಿಯೊಂದಿದೆ. ವಾರ್ಡ್ ಆಫೀಸಿನಲ್ಲಿ ಸಿಗುವ ಮರಣ ಪ್ರಮಾಣಪತ್ರದಲ್ಲಿ, ಅಂದರೆ ಮರಾಠಿಯಲ್ಲಿ ‘ಮೃತ್ಯೂಚಾ ದಾಖಲಾ’ ಎಂದು ಕೇಳಬೇಕಾದ ಕಾಗದದಲ್ಲಿ, ಸಾವಿನ ಕಾರಣ ಮುದ್ರಿತವಾಗಿರುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೆಯ ಸೆಕ್ಷನ್ ಅದನ್ನು ಹಾಗೆ ಗೋಪ್ಯವಾಗಿಟ್ಟಿದೆ. ಬ್ಯಾಂಕಿಗೆ, ಹೌಸಿಂಗ್ ಸೊಸೈಟಿಗೆ, ಮಕ್ಕಳ ಶಾಲೆಗೆ ಈ ಕಾಗದವನ್ನು ಅಂಜದೆ ಕೊಡಬಹುದು. ವಿಮೆಯ ಅರ್ಜಿಯಲ್ಲಿ ಮಾತ್ರ ಸುಳ್ಳು ಕಾರಣ ಬರೆಯಬೇಡಿ. ಜೀವವಿಮಾ ಪಾಲಿಸಿಗೆ 3 ವರ್ಷ ತುಂಬಿದ್ದರೆ, ಕುಡಿತವನ್ನು ಮುಚ್ಚಿಟ್ಟಿದ್ದರೆಂಬ ಕಾರಣ ಮುಂದೊಡ್ಡಿ ಕಂಪನಿ ಅದನ್ನು ಪ್ರಶ್ನಿಸಲು ವಿಮಾ ಕಾಯ್ದೆಯ 45ನೆಯ ಸೆಕ್ಷನ್ ಬಿಡುವುದಿಲ್ಲ.

ಇನ್ನು ಸಮದುಃಖಿಗಳ ವಿಷಯ. ಕುಡಿತ ಬಿಡಬಯಸುವವರ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅಂಥವರ ಮನೆಯವರು, ಸ್ನೇಹಿತರಿಗೆಂದು 1951ರಲ್ಲಿ ಅಲ್-ಅನಾನ್ ರೂಪುಗೊಂಡಿತು. ಇದರ ಸಭೆಗಳು ಮುಂಬಯಿಯಲ್ಲೂ ನಡೆಯುತ್ತವೆ. ಸೇರಲು ಇರುವ ಷರತ್ತು ಒಂದೇ: ನಿಮ್ಮ ಬಂಧು ಅಥವಾ ಸ್ನೇಹಿತರಲ್ಲಿ ಯಾರಿಗಾದರೂ ಕುಡಿತದ ಸಮಸ್ಯೆ ಇರಬೇಕು ಅಥವಾ ಇದ್ದಿರಬೇಕು. ಆ ವ್ಯಕ್ತಿ ಇಂದು ಬದುಕಿರಬೇಕೆಂಬ ನಿಯಮವಿಲ್ಲ. ಶುಲ್ಕವಿಲ್ಲ, ಕೊನೆಯಲ್ಲಿ ಇಷ್ಟವಿದ್ದವರು ಹಣ ಹಾಕಬಹುದು. ಮನೆತನದ ಹೆಸರನ್ನು ಯಾರೂ ಕೇಳುವುದಿಲ್ಲ. ಕೆಲವು ಸಭೆಗಳು ಚರ್ಚಿನ ಕೊಠಡಿಗಳಲ್ಲಿ ನಡೆಯುವುದರಿಂದ ನಮ್ಮವರಲ್ಲಿ ಹಿಂಜರಿಕೆ ಕಾಣುತ್ತದೆ. ಸಂಘವು ಯಾವ ಮತಕ್ಕೂ ಸೇರಿದ್ದಲ್ಲ, ಜಾಗ ಮಾತ್ರ ಚರ್ಚಿನದು. ಮಾದಕ ದ್ರವ್ಯಗಳಿಂದ ನೊಂದ ಕುಟುಂಬಗಳಿಗೆ ಇದೇ ಮಾದರಿಯ ನಾರ್-ಅನಾನ್ ಇದೆ. ಹತ್ತಿರದಲ್ಲಿ ಗುಂಪು ಸಿಗದವರು ಆನ್‌ಲೈನ್ ಸಭೆಗಳನ್ನು ಹುಡುಕಬಹುದು.

ಸಭೆಯಲ್ಲಿ ಒಬ್ಬೊಬ್ಬರೇ ಸರದಿಯಂತೆ ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ನಡುವೆ ಬಾಯಿ ಹಾಕುವುದು, ‘ನೀವು ಹೀಗೆ ಮಾಡಬೇಕಿತ್ತು’ ಎಂದು ತೀರ್ಪು ಕೊಡುವುದು ಅಲ್ಲಿನ ಪದ್ಧತಿಯಲ್ಲ, ಮತ್ತು ಸಾಂತ್ವನಕ್ಕೆ ಬಂದ ಅತ್ತೆ, ಮಾವ, ಚಿಕ್ಕಪ್ಪಂದಿರ ತೀರ್ಪುಗಳನ್ನು ದಿನಗಟ್ಟಲೆ ಕೇಳಿ ಬಂದವರಿಗೆ ಈ ಒಂದು ಪದ್ಧತಿಯೇ ದೊಡ್ಡ ಸಮಾಧಾನ. ಮಾತಾಡಲೇಬೇಕೆಂಬ ಬಲವಂತವೂ ಇಲ್ಲ. ಮೊದಲ ದಿನ ಒಂದು ಕಷ್ಟ ಎದುರಾಗಬಹುದು: ಸುತ್ತಲಿನವರ ಗಂಡಂದಿರು, ಮಕ್ಕಳು ಇನ್ನೂ ಬದುಕಿದ್ದಾರೆ, ಕೆಲವರು ಕುಡಿತ ಬಿಟ್ಟು ಸುಧಾರಿಸಿದ್ದಾರೆ. ಅವರ ಸಂತೋಷ ನಿಮಗೆ ಚುಚ್ಚಬಹುದು. ತೀರ್ಮಾನಕ್ಕೆ ಬರುವ ಮೊದಲು ಕನಿಷ್ಠ 6 ಸಭೆಗಳಿಗಾದರೂ ಬನ್ನಿ ಎಂದು ಅಲ್-ಅನಾನ್ ಹೊಸಬರಿಗೆ ಹೇಳುತ್ತದೆ. ಸಭೆ ಮುಗಿದ ಮೇಲೆ, ನಿಮ್ಮಂತೆ ಕಳೆದುಕೊಂಡವರು ಗುಂಪಿನಲ್ಲಿ ಇದ್ದಾರೆಯೇ ಎಂದು ಹಳಬರೊಬ್ಬರನ್ನು ಕೇಳಿ ನೋಡಿ. ಭಾಷೆಯ ಅಂಜಿಕೆಯಿದ್ದರೆ ಮರಾಠಿಗಿಂತ ಹಿಂದಿ ಸಭೆಯನ್ನು ಆರಿಸಿಕೊಳ್ಳಬಹುದು. ದುಃಖ ಉಕ್ಕಿದಾಗ ಕನ್ನಡದಲ್ಲಿಯೋ ತುಳುವಿನಲ್ಲಿಯೋ ನಾಲ್ಕು ಮಾತು ಬಂದರೆ ಅದಕ್ಕೆ ಅಲ್ಲಿ ಯಾರೂ ಬೇಸರಪಡಲಾರರು.

ಪುಣೆಯವರಿಗೆ ಮುಕ್ತಾಂಗಣದ ಹೆಸರು ಗೊತ್ತೇ ಇರುತ್ತದೆ. ಡಾ. ಅನಿತಾ ಅವಚಟ್ ಮತ್ತು ಅನಿಲ್ ಅವಚಟ್ ದಂಪತಿ 1986ರಲ್ಲಿ ಆರಂಭಿಸಿದ ಈ ವ್ಯಸನಮುಕ್ತಿ ಕೇಂದ್ರವು ಮನೆಯವರನ್ನೂ ಚಿಕಿತ್ಸೆಯ ಭಾಗವಾಗಿ ಕಂಡಿತು. ವ್ಯಸನಿಗಳ ಪತ್ನಿಯರಿಗಾಗಿ ‘ಸಹಚರಿ’ ಎಂಬ ಗುಂಪನ್ನೂ ಕಟ್ಟಿತು. ಮುಂಬಯಿಯಲ್ಲಿ ಫಾದರ್ ಜೋ ಪಿರೇರಾ 1981ರಲ್ಲಿ ಬಾಂದ್ರಾದಲ್ಲಿ ಆರಂಭಿಸಿದ ಕೃಪಾ ಫೌಂಡೇಶನ್ ಎಂಬ ವ್ಯಸನಮುಕ್ತಿ ಸಂಸ್ಥೆ ಇದೆ. ತೀರಿಕೊಂಡವರು ಹಿಂದೆ ಯಾವ ಕೇಂದ್ರದಲ್ಲಿ ಚಿಕಿತ್ಸೆ ಪಡೆದಿದ್ದರೋ ಅಲ್ಲಿಗೆ ಫೋನ್ ಮಾಡಿ ಸಾವಿನ ಸುದ್ದಿ ತಿಳಿಸಿ, ಕುಟುಂಬದವರ ಗುಂಪಿಗೆ ಬರಬಹುದೇ ಎಂದು ನೇರವಾಗಿ ಕೇಳುವುದು ಒಳ್ಳೆಯದು. ಅವರನ್ನು ಹತ್ತಿರದಿಂದ ಬಲ್ಲ ಒಬ್ಬ ಕೌನ್ಸೆಲರ್ ಆದರೂ ಅಲ್ಲಿರುವ ಸಂಭವವಿದೆ.

ಇಂಥ ಗುಂಪುಗಳಲ್ಲಿ ಮತ್ತೆ ಮತ್ತೆ ಬರುವುದು ತಪ್ಪು ಯಾರದೆಂಬ ಪ್ರಶ್ನೆ. ‘ಕೇಂದ್ರಕ್ಕೆ ಸೇರಿಸಿ ಕರೆತಂದ ಮೇಲೆಯೇ ಸತ್ತ, ಸೇರಿಸದಿದ್ದರೆ ಉಳಿಯುತ್ತಿದ್ದನೇನೋ’ ಎಂದು ಕೊರಗುವ ತಾಯಂದಿರು ತಿಳಿಯಬೇಕಾದ್ದು ಇದು: ಹೆರಾಯಿನ್‌ನಂಥ ದ್ರವ್ಯವನ್ನು ಕೆಲವು ವಾರ ಬಿಟ್ಟವರ ದೇಹದ ತಾಳಿಕೆ ಇಳಿದಿರುತ್ತದೆ, ಮರಳಿ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ನಿಲ್ಲಬಹುದು. ‘ಬಾಟಲಿ ಕಸಿದುಕೊಂಡೆ, ಮೂರನೆಯ ದಿನ ಸನ್ನಿ ಹಿಡಿದಂತಾಗಿ ಹೋದರು’ ಎನ್ನುವ ಹೆಂಡತಿಯ ವಿಷಯದಲ್ಲೂ ಕಾರಣ ವೈದ್ಯಕೀಯವಾದದ್ದು. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದಾಗ, ಸಾಮಾನ್ಯವಾಗಿ ಮೊದಲ ನಾಲ್ಕು ದಿನಗಳ ಒಳಗೆ, ನಡುಕ, ಭ್ರಮೆ, ಫಿಟ್ಸ್ ಬಂದು ಪ್ರಾಣಕ್ಕೇ ಎರವಾಗಬಹುದು. ಇದನ್ನು ಮನೆಯಲ್ಲಿ ಕುಳಿತು ಊಹಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಲಿವರ್ ಗಟ್ಟಿಯಾದವರಲ್ಲಿ ಅನ್ನನಾಳದ ಉಬ್ಬಿದ ರಕ್ತನಾಳ ಒಡೆದು ರಕ್ತವಾಂತಿಯಾಗುವುದನ್ನು ಕಣ್ಣಾರೆ ಕಂಡ ಮಕ್ಕಳಿಗೆ ಗುಂಪಿನ ಮಾತುಕತೆ ಸಾಲದೇ ಹೋಗಬಹುದು. ಅವರನ್ನು ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಈ ಕಾಯಿಲೆಯನ್ನು ನಾವು ತಂದದ್ದಲ್ಲ, ಹಿಡಿತದಲ್ಲಿಡಲು ನಮ್ಮಿಂದಾಗದು, ವಾಸಿಮಾಡಲೂ ಆಗದು ಎಂದು ಅಲ್-ಅನಾನ್‌ನಲ್ಲಿ ಹೇಳುತ್ತಾರೆ. ಈ ಮಾತು ಕೌನ್ಸೆಲರ್ ಬಾಯಲ್ಲಿ ಒಂದು ಬೋಧನೆಯಾಗಿ ಕೇಳಿಸುತ್ತದೆ, ಮಗನನ್ನು ಕಳೆದುಕೊಂಡ ಇನ್ನೊಬ್ಬ ತಾಯಿ ಹೇಳಿದಾಗ ನಂಬಿಕೆ ಬರುತ್ತದೆ.

ಫೋನಿನ ಸೌಲಭ್ಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಸೇವೆ ಲಭ್ಯವಿರುವ ಭಾಷೆಗಳಲ್ಲಿ ಕನ್ನಡವೂ ಸೇರಿದೆ, ಆದ್ದರಿಂದ ಕನ್ನಡ ಬೇಕೆಂದು ಆರಂಭದಲ್ಲೇ ಹೇಳಿ. ಮನೆಯಲ್ಲಿ ಮತ್ತೊಬ್ಬರು ಕುಡಿಯುತ್ತಿದ್ದರೆ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ವ್ಯಸನಮುಕ್ತಿ ಸಹಾಯವಾಣಿ 14446 ಇದೆ. ಉಳಿದವರಲ್ಲಿ ಯಾರಾದರೂ ತಾನೂ ಹೋಗುತ್ತೇನೆ ಎಂಬ ಮಾತಾಡತೊಡಗಿದರೆ ಮುಂದಿನ ವಾರದ ಸಭೆಗೆ ಕಾಯದೆ ಅವರನ್ನು ಒಂಟಿಯಾಗಿ ಬಿಡದೆ ಆಗಲೇ 14416ಕ್ಕೆ ಕರೆ ಮಾಡಿ, ಅಪಾಯ ಹತ್ತಿರವೆನಿಸಿದರೆ 112ಕ್ಕೆ ಕರೆ ಮಾಡಿ ಅಥವಾ ಆಸ್ಪತ್ರೆಗೆ ಕರೆದೊಯ್ಯಿರಿ.

ಅಮೆರಿಕದಲ್ಲಿ ವ್ಯಸನದಿಂದ ಸತ್ತವರ ಕುಟುಂಬಗಳಿಗೆಂದೇ ಗ್ರಾಸ್ಪ್ ಎಂಬ ಸಂಘಟನೆ 2002ರಿಂದ ಇದೆ. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ 2001ರಲ್ಲಿ ಆರಂಭವಾದ, ಮಾದಕ ದ್ರವ್ಯಗಳ ಮಿತಿಮೀರಿದ ಸೇವನೆಯ ಜಾಗೃತಿ ದಿನವನ್ನು ಈಗ ಅನೇಕ ದೇಶಗಳಲ್ಲಿ ಆಗಸ್ಟ್ 31ರಂದು ಆಚರಿಸುತ್ತಾರೆ. ಮುಂಬಯಿ, ಪುಣೆಗಳ ಕನ್ನಡ ಸಂಘಗಳು ಅಷ್ಟು ದೊಡ್ಡದನ್ನು ಮಾಡಬೇಕಾಗಿಲ್ಲ. ಮೂರು ನಾಲ್ಕು ಮನೆಯವರು ತಿಂಗಳಿಗೊಮ್ಮೆ ಕುಳಿತುಕೊಳ್ಳಲು ಒಂದು ಕೋಣೆ ಕೊಟ್ಟರೆ ಸಾಕು. ಅಧ್ಯಕ್ಷರು, ಸ್ವಾಗತ ಭಾಷಣ, ಶಾಲು, ವಂದನಾರ್ಪಣೆ, ಫೋಟೊ ಯಾವುದೂ ಬೇಡ. ನಮ್ಮ ಸಂಘಗಳಿಗೆ ಇದೇ ಅತ್ಯಂತ ಕಠಿಣವಾದ ಷರತ್ತು ಎಂದು ನನ್ನ ಗುಮಾನಿ. ಜಾತಿ ಸಂಘದ ಕಟ್ಟಡದಲ್ಲಿ ಸೇರುವುದನ್ನು ನಾನು ಒಪ್ಪಲಾರೆ, ಏಕೆಂದರೆ ಸತ್ತವನ ತಂಗಿಯ ಮದುವೆಯ ಮಾತುಕತೆ ನಡೆಯುವುದೂ ಅದೇ ಜನರ ನಡುವೆ. ಡೊಂಬಿವಲಿಯ ಕುಟುಂಬಕ್ಕೆ ಡೊಂಬಿವಲಿಗಿಂತ ಗುರುತಿನವರು ಕಡಿಮೆಯಿರುವ ಮಾಟುಂಗವೇ ಅನುಕೂಲವಾಗಬಹುದು. ಸಾವಾಗಿ ವರ್ಷವಾದರೂ ಕಳೆದವರು ಮಾತು ನಡೆಸಿಕೊಡಲಿ, ಹೊಸದಾಗಿ ಕಳೆದುಕೊಂಡವರು ಕೇಳುತ್ತ ಕೂರಲಿ.

ಕೊನೆಯದಾಗಿ, ಲೆಕ್ಕಕ್ಕೇ ಸಿಗದವರ ವಿಷಯ. ಉಡುಪಿ, ಕುಂದಾಪುರಗಳ ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿಯುತ್ತ ಒಂದೇ ಕೋಣೆಯಲ್ಲಿ ಮಲಗುವ ಹುಡುಗರು, ವಿಜಯಪುರ, ಬಾಗಲಕೋಟೆ, ಗದಗಗಳಿಂದ ಗೋವಾಕ್ಕೆ ಹೋಗಿ ವಾಸ್ಕೊ, ಜುವಾರಿನಗರಗಳಲ್ಲಿ ನೆಲೆಸಿದ ಕೂಲಿಯವರು, ಜೊತೆಗಾರ ಬೆಳಿಗ್ಗೆ ಏಳದಿದ್ದಾಗ ಮೊದಲು ನೋಡುವವರು ಇವರೇ. ಪೊಲೀಸರಿಗೆ ಹೇಳಿಕೆ ಕೊಡುವುದು, ಗೋವಾದಲ್ಲಾದರೆ ಬಾಂಬೋಳಿಯ ಸರ್ಕಾರಿ ಆಸ್ಪತ್ರೆಯ ಶವಾಗಾರದ ಮುಂದೆ ಕಾಯುವುದು, ಊರಿಗೆ ಫೋನ್ ಮಾಡುವುದು, ಚಂದಾ ಎತ್ತಿ ಶವವನ್ನು ಊರಿಗೆ ಕಳಿಸುವುದು ಎಲ್ಲವೂ ಇವರ ಪಾಲಿಗೇ ಬರುತ್ತದೆ, ಮರುದಿನ ಕೆಲಸ. ಮಾಲೀಕರು ಇವರಿಗೆ ಎರಡು ದಿನ ರಜೆ ಕೊಡಬೇಕು, ಕೋಣೆ ಬದಲಿಸಿಕೊಡಬೇಕು, 14416 ಸಂಖ್ಯೆಯನ್ನು ಅಡುಗೆಮನೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು. ಅಲ್-ಅನಾನ್ ಸಭೆಗೆ ಹೋಗಲು ರಕ್ತಸಂಬಂಧವೇ ಬೇಕೆಂದಿಲ್ಲ. ಕುಡಿದು ಸತ್ತವನ ಸ್ನೇಹಿತನೆಂಬ ಒಂದೇ ಗುರುತಿನ ಮೇಲೆ ಈ ಹುಡುಗರೂ ಅಲ್ಲಿ ಕೂರಬಹುದು.